ಒಂದೇ ತಬಲಾ, ಹತ್ತು ಮೇಳ: ಕಾಗಿಣಾ ಸೀಮೆಯ ಹಾಡುಗಾರರ ನಂಟು

ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಹಾಡುಗಾರಿಕೆಯನ್ನು ಅರಿಯಲು ಅಲ್ಲಿನ ಭಜನಾ ಮಂಡಳಿ, ಗೀಗೀ ಮೇಳ, ರಿವಾಯತ ತಂಡ, ನಾಟಕ ಸಂಘಗಳ ಹೆಸರುಗಳನ್ನು ಪಟ್ಟಿ ಮಾಡಿದರೆ ಸಾಲದು. ಪಟ್ಟಿ ಉದ್ದವಾದಷ್ಟೂ ತಿಳಿವಳಿಕೆ ಮಸುಕಾಗುತ್ತದೆ ಎಂದರೂ ನಡೆದೀತು. ಏಕೆಂದರೆ ಬೇರೆ ಬೇರೆ ಹೆಸರಿನ ಎರಡು ಮಂಡಳಿಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವನು ಒಬ್ಬನೇ ಇರುವುದುಂಟು, ಶ್ರಾವಣ ಸೋಮವಾರದ ಶಿವಭಜನೆಗೆ ತಾಳ ಹಾಕಿದ ಕೈಯೇ ಮೊಹರಂ ಬಂದಾಗ ಅಲಾಯಿ ಪದಕ್ಕೆ ಹಲಗೆ ಬಾರಿಸುವುದುಂಟು, ಜಾತ್ರೆಯ ನಾಟಕಕ್ಕೆ ಬಂದ ತಬಲಾದವನನ್ನು ನಾಟಕ ಮುಗಿದ ಮರುದಿನವೇ ಪಕ್ಕದ ಊರಿನವರು ಸಪ್ತಾಹಕ್ಕೆ ಕರೆದೊಯ್ಯುವುದುಂಟು. ಈ ಸೀಮೆಯಲ್ಲಿ ಮೇಳವೆಂಬುದು ಒಂದು ರಾತ್ರಿಯ ಮಟ್ಟಿಗೆ ಕೂಡಿಬರುವ ಗುಂಪು, ಬಾಳಿಕೆ ಬರುವುದು ಆಳು ಆಳಿನ ನಡುವಿನ ನಂಟು. ಆ ನಂಟು ಹೇಗೆ ಹುಟ್ಟುತ್ತದೆ, ಯಾವ ದಾರಿಗಳಲ್ಲಿ ಓಡಾಡುತ್ತದೆ, ಎಲ್ಲಿ ದಾಖಲಾಗುತ್ತದೆ ಎಂಬುದೇ ಇಲ್ಲಿನ ವಿಷಯ.

ನಗರಗಳಲ್ಲಿ ಇಂಥ ಹೆಣಿಗೆಗೆ ಇಂದು ‘ಇಂಡಿ’ ಎಂಬ ಹೆಸರಿದೆ. ದೊಡ್ಡ ಧ್ವನಿಮುದ್ರಣ ಕಂಪನಿಗಳ ಆಸರೆಯಿಲ್ಲದೆ, ತಾವೇ ಬರೆದು ತಾವೇ ಹಾಡಿ ತಾವೇ ಹಂಚುವ ಸ್ವತಂತ್ರ ಸಂಗೀತಗಾರರಿಗೆ ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಲ್ಲಿ ಅಂಟಿದ ಹೆಸರು ಅದು. ಅಲ್ಲಿನ ಪತ್ರಕರ್ತ ಪೀಟ್ ಫ್ರೇಮ್ ಅದೇ ದಶಕದಲ್ಲಿ ರಾಕ್ ತಂಡಗಳ ವಂಶವೃಕ್ಷಗಳನ್ನು ಕೈಬರಹದಲ್ಲಿ ಬಿಡಿಸತೊಡಗಿದರು. ಯಾವ ಗಿಟಾರ್ ವಾದಕ ಯಾವ ತಂಡ ಬಿಟ್ಟು ಯಾವುದನ್ನು ಸೇರಿದ, ಒಡೆದ ತಂಡದ ತುಂಡುಗಳಿಂದ ಯಾವ ಹೊಸ ತಂಡಗಳು ಹುಟ್ಟಿದವು ಎಂಬುದನ್ನು ಗೆರೆಗಳಲ್ಲಿ ತೋರಿಸುವ ಆ ನಕ್ಷೆಗಳನ್ನು ನೋಡಿದವರಿಗೆ, ಖ್ಯಾತಿವೆತ್ತ ಹತ್ತು ಹೆಸರುಗಳ ಹಿಂದೆ ಇನ್ನೂರು ಮಂದಿಯ ಓಡಾಟವಿದೆಯೆಂಬುದು ಥಟ್ಟನೆ ಕಾಣುತ್ತಿತ್ತು. ಮಾನವಶಾಸ್ತ್ರಜ್ಞೆ ರೂತ್ ಫಿನ್ನೆಗನ್ 1989ರಲ್ಲಿ ಪ್ರಕಟಿಸಿದ ‘ದಿ ಹಿಡನ್ ಮ್ಯುಸಿಶಿಯನ್ಸ್’ ಎಂಬ ಗ್ರಂಥದಲ್ಲಿ ಇದೇ ಮಾತನ್ನು ಇನ್ನೂ ಆಳಕ್ಕೆ ಒಯ್ದು, ಮಿಲ್ಟನ್ ಕೀನ್ಸ್ ಎಂಬ ಸಾಮಾನ್ಯ ಪಟ್ಟಣವೊಂದರಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು ಹಾಡುವವರ, ಬಾರಿಸುವವರ ಬದುಕು ಎಷ್ಟು ಕ್ರಮಬದ್ಧವಾದ ದಾರಿಗಳಲ್ಲಿ ಸಾಗುತ್ತದೆಂದು ತೋರಿಸಿಕೊಟ್ಟರು. ಬೆಂಗಳೂರಿನಲ್ಲಿಯೂ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್, ಆಮೇಲಿನ ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್ ಮುಂತಾದ ತಂಡಗಳಲ್ಲಿ ವಾದಕರು ಬದಲಾಗುತ್ತ ಬಂದಿದ್ದಾರೆ. ಅಂತರಾಗ್ನಿ ಎಂಬ ತಂಡದಿಂದ ಹೊರಟ ರಘು ದೀಕ್ಷಿತ್ ತಮ್ಮ ಬಳಗಕ್ಕೆ ‘ಪ್ರಾಜೆಕ್ಟ್’ ಎಂದೇ ಹೆಸರಿಟ್ಟದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಆ ಬಳಗಕ್ಕೆ ಹೆಸರು ತಂದ ಹಾಡುಗಳಲ್ಲಿ ಶಿಶುನಾಳ ಶರೀಫರ (1819–1889) ತತ್ವಪದಗಳೂ ಇರುವುದರಿಂದ, ನಗರದ ಇಂಡಿ ಸಂಗೀತ ಮತ್ತು ಹಳ್ಳಿಯ ಭಜನೆ ಒಂದೇ ಬಾವಿಯ ನೀರು ಸೇದುತ್ತಿವೆ ಎನ್ನಲು ಅಡ್ಡಿಯಿಲ್ಲ. ಆದರೆ ನಗರದ ತಂಡಗಳ ಬಗೆಗೆ ಬೇಕಾದಷ್ಟು ಬರೆಯಲಾಗಿದೆ, ಕಾಗಿಣಾ ದಂಡೆಯ ತಂಡಗಳ ವಂಶವೃಕ್ಷವನ್ನು ಬಿಡಿಸಿದವರಿಲ್ಲ.

ಈ ಸೀಮೆಯ ನೆಲ ಮತ್ತು ಕೆಲಸದ ಬಗೆ ಅಲ್ಲಿನ ಸಂಗೀತದ ಮೇಲೆ ಅಚ್ಚೊತ್ತಿವೆ. ಕಾಗಿಣಾ ನದಿಯೂ ಅದನ್ನು ಕೂಡುವ ಮುಲ್ಲಾಮಾರಿಯೂ ಹರಿಯುವ ಈ ಸುಣ್ಣಕಲ್ಲಿನ ನೆಲದಲ್ಲಿ ಮೇಲೆ ತೊಗರಿ ಬೆಳೆಯುತ್ತದೆ, ಕೆಳಗೆ ಶಹಾಬಾದಿ ಪರಸಿ ಎಂಬ ಹಾಸುಗಲ್ಲು ಸಿಗುತ್ತದೆ. ಅದೇ ಸುಣ್ಣಕಲ್ಲನ್ನು ನಂಬಿ ಶಹಾಬಾದ, ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದವು. ನಿಜಾಮರ ರಾಜ್ಯದ ರೈಲುಹಾದಿ 1874ರಲ್ಲಿ ಹೈದರಾಬಾದಿನ ಕಡೆಯಿಂದ ಬಂದು ಮುಂಬಯಿ–ಮದರಾಸು ಹಾದಿಯನ್ನು ಕೂಡಿದ್ದು ವಾಡಿಯಲ್ಲಿ. ಆ ಹಾದಿಯ ಮೇಲೆಯೇ ಚಿತ್ತಾಪುರ, ಮಳಖೇಡ ರೋಡ, ಸೇಡಂ ಮತ್ತು ತಾಂಡೂರು ನಿಲ್ದಾಣಗಳು ಸಾಲುಗೂಡಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದು, ಅದಕ್ಕೆ ಸೇರಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರದ ಪಾಲಾದರೂ, ಬೀಗತನ ಮತ್ತು ಭಜನೆಯ ನಂಟು ಗಡಿಗೆರೆಯನ್ನು ಲೆಕ್ಕಿಸಲಿಲ್ಲ. ಹೀಗಾಗಿ ಸೇಡಂ, ಚಿಂಚೋಳಿ ಕಡೆಯ ಹಾಡುಗಾರರಿಗೆ ಕನ್ನಡದ ಜೊತೆಗೆ ತೆಲುಗು ಮತ್ತು ದಖನಿ ಉರ್ದು ಬಾಯಿಗೆ ಬಂದಿರುವುದು ವಿಶೇಷವೇನಲ್ಲ. ಬೀದರ ಜಿಲ್ಲೆಗೆ ಹೊಂದಿಕೊಂಡ ಚಿಂಚೋಳಿಯ ಭಾಗದಲ್ಲಿ ಮರಾಠಿ ಅಭಂಗವೂ ಅದಕ್ಕೆ ಕೂಡಿಕೊಳ್ಳುತ್ತದೆ. ರೈಲಿಲ್ಲದ ಚಿಂಚೋಳಿಯ ಕಲಾವಿದರು ಬಸ್ಸು ಹಿಡಿದು ಹುಮನಾಬಾದ, ಬೀದರದ ಕಡೆಗೂ, ರೈಲುಹಾದಿಯ ಮೇಲಿನ ಸೇಡಂ, ಚಿತ್ತಾಪುರದವರು ವಾಡಿ ಮತ್ತು ತಾಂಡೂರಿನ ಕಡೆಗೂ ಹೆಚ್ಚು ಓಡಾಡುವುದರಿಂದ, ಸಾರಿಗೆಯ ನಕ್ಷೆಯೇ ಬಹುಮಟ್ಟಿಗೆ ಸಂಗೀತದ ನಕ್ಷೆಯೂ ಆಗಿದೆ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವಾದ್ದರಿಂದ, ಇಲ್ಲಿನ ಪ್ರತಿಯೊಂದು ಕಲೆಯ ಬೇರನ್ನೂ ನೃಪತುಂಗನ ಆಸ್ಥಾನಕ್ಕೆ ಎಳೆದೊಯ್ಯುವ ಹವ್ಯಾಸ ಭಾಷಣಕಾರರಿಗುಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಚತ್ತಾಣ, ಬೆದಂಡೆ ಎಂಬ ದೇಸಿ ಕಾವ್ಯರೂಪಗಳ ಉಲ್ಲೇಖವಿರುವುದು ನಿಜ. ಆದರೆ ಅಲ್ಲಿಂದ ಇಂದಿನ ಏಕತಾರಿಯವರೆಗೆ ನೇರ ಗೆರೆ ಎಳೆಯಲು ನಡುವಿನ ಸಾವಿರ ವರ್ಷಗಳು ಬಿಡುವುದಿಲ್ಲ. ಈ ಸೀಮೆಯ ಹಾಡುಗಾರರು ತಮ್ಮ ಹಿರಿಯರೆಂದು ಬಾಯಿತುಂಬ ಕರೆಯುವುದು ಅರಸರ ಆಸ್ಥಾನದವರನ್ನಲ್ಲ, ಎರಡು ಶತಮಾನಗಳ ಹಿಂದೆ ಬಾಳಿದ ಅನುಭಾವಿಗಳನ್ನು.

ಆ ಅನುಭಾವಿಗಳಲ್ಲಿ ಮೊದಲ ಹೆಸರು ಕಡಕೋಳ ಮಡಿವಾಳಪ್ಪನವರದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ ಹತ್ತೊಂಬತ್ತರ ಪೂರ್ವಾರ್ಧದಲ್ಲಿ ಹಾಡಿದ ಮಡಿವಾಳಪ್ಪನವರು, ಕಲಬುರಗಿಯ ಶರಣಬಸವೇಶ್ವರರಿಗೆ (1746–1822) ಕಿರಿಯ ಸಮಕಾಲೀನರು. ಅವರು ನೆಲೆನಿಂತ ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವರು ಕಟ್ಟಿದ ಹಾಡುಗಳಿಗೆ ತತ್ವಪದಗಳೆನ್ನುತ್ತಾರೆ. ದೇಹ, ಮನಸ್ಸು, ಗುರು, ಸಾವು, ಜಾತಿಯ ಪೊಳ್ಳುತನ ಇವನ್ನೆಲ್ಲ ದಿನಬಳಕೆಯ ಮಾತಿನಲ್ಲಿ, ಒಗಟಿನಂಥ ರೂಪಕಗಳಲ್ಲಿ ಹೇಳುವ ಗೇಯಪದವೇ ತತ್ವಪದ. ಒಂದು ಪಲ್ಲ, ಅಂದರೆ ಮತ್ತೆಮತ್ತೆ ಮರಳುವ ಸಾಲು, ಅದರ ಹಿಂದೆ ಮೂರೋ ಐದೋ ನುಡಿಗಳು, ಕೊನೆಯ ನುಡಿಯಲ್ಲಿ ಕಟ್ಟಿದವನ ಗುರುತಾದ ಅಂಕಿತ, ಇಷ್ಟು ಅದರ ಮೈಕಟ್ಟು. ಮಡಿವಾಳಪ್ಪನವರ ಶಿಷ್ಯಬಳಗದಲ್ಲಿ ಚನ್ನೂರ ಜಲಾಲಸಾಹೇಬ, ತೆಲುಗಬಾಳ ರೇವಪ್ಪ, ಖೈನೂರ ಕೃಷ್ಣಪ್ಪ, ಕಡ್ಲೇವಾಡ ಸಿದ್ಧಪ್ಪ ಮುಂತಾದವರಿದ್ದು, ಪ್ರತಿಯೊಬ್ಬರ ಹೆಸರಿನ ಮೊದಲರ್ಧ ಒಂದು ಊರು, ಎರಡನೆಯ ಅರ್ಧ ಒಬ್ಬ ಮನುಷ್ಯ ಎಂಬುದನ್ನು ಗಮನಿಸಬೇಕು. ಆ ಹೆಸರುಗಳನ್ನು ಸಾಲಾಗಿ ಓದಿದರೆ ಊರಿಂದೂರಿಗೆ ಪದ ನಡೆದುಹೋದ ದಾರಿಯೇ ಕಾಣಿಸುತ್ತದೆ. ಬೇರೆ ಬೇರೆ ಜಾತಿಗಳವರೂ ಒಬ್ಬ ಮುಸಲ್ಮಾನರೂ ಒಂದೇ ಗುರುವಿನ ಮುಂದೆ ಕುಳಿತು ಕಲಿತರು, ಕಲಿತ ಮೇಲೆ ತಮ್ಮೂರಿಗೆ ಮರಳಿ ತಮ್ಮದೇ ಪದ ಕಟ್ಟಿದರು, ಆ ಊರಿನಲ್ಲಿ ಹಾಡುವ ಮಂದಿ ಹುಟ್ಟಿಕೊಂಡರು. ಮಡಿವಾಳಪ್ಪನವರು ತಮ್ಮ ಪದಗಳ ಅಂಕಿತದಲ್ಲಿ ‘ಮಹಾಂತ’ ಎಂದು ಗುರುವನ್ನೇ ಕರೆದರು. ಹಾಗಾಗಿ ಅಂಕಿತದಲ್ಲಿ ಕವಿಯ ಹೆಸರಿಗಿಂತ ಅವನು ಯಾರ ಮನೆಯವನೆಂಬುದು ಮುಖ್ಯ. ಕಲಬುರಗಿಯ ಮೀನಾಕ್ಷಿ ಬಾಳಿ ಅವರು ಈ ಗುರುಶಿಷ್ಯರ ಪದಗಳ ಮೇಲೆ ಸಂಶೋಧನೆ ನಡೆಸಿದರು. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವು ತತ್ವಪದಗಳ ಸಂಪುಟಗಳನ್ನೇ ಹೊರತಂದಿತು. ಪಠ್ಯದ ಮಟ್ಟಿಗೆ ಇದು ದೊಡ್ಡ ಕೆಲಸವೇ ಸರಿ, ಆದರೂ ಅಚ್ಚಾದ ಪುಟದಲ್ಲಿ ಪದವಿರುತ್ತದೆಯೇ ಹೊರತು ಅದನ್ನು ಯಾವ ಊರಿನವರು ಯಾವ ಧಾಟಿಯಲ್ಲಿ, ಯಾರಿಂದ ಕಲಿತು ಹಾಡುತ್ತಾರೆ ಎಂಬುದು ಇರುವುದಿಲ್ಲ.

ಧಾಟಿ ಎಂದರೆ ಪದವನ್ನು ಹೊತ್ತುಸಾಗುವ ಸ್ವರದ ಎಳೆ, ಹಾಡುವ ಬಗೆ. ಒಂದು ಪದಕ್ಕೆ ಹಲವು ಧಾಟಿಗಳು ಇರಬಹುದು, ಒಂದೇ ಧಾಟಿಗೆ ಹತ್ತಾರು ಪದಗಳು ಕೂಡಬಹುದು. ಮೇಳಗಳ ನಡುವೆ ಅತಿ ಹೆಚ್ಚು ಕೊಡುಕೊಳೆ ನಡೆಯುವುದು ಇದರಲ್ಲಿಯೇ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೋ, ಸತ್ತವರ ಮನೆಯಂಗಳದಲ್ಲಿ ಹೆಣವನ್ನು ಕಾಯುತ್ತಲೋ ಭಜನೆ ನಡೆಯುವಾಗ ಊರಿನ ಮೇಳದ ಜೊತೆಗೆ ಪರವೂರಿನವರೂ ಬಂದು ಕೂಡುತ್ತಾರೆ. ಗಣಪತಿಯ ಪದ, ಗುರುಸ್ತುತಿ ಮುಗಿದ ಮೇಲೆ ಮುಂದಾಳು ಪಲ್ಲ ಎತ್ತಿಕೊಳ್ಳುತ್ತಾನೆ, ಹಿಮ್ಮೇಳದವರು ಅದನ್ನು ಮರುನುಡಿಯುತ್ತಾರೆ, ಎಂಟು ಮಾತ್ರೆಯ ಭಜನಿ ಠೇಕಾ ನಿಧಾನವಾಗಿ ಹೊರಟು ಪ್ರತಿ ನುಡಿಗೂ ಒಂದಿಷ್ಟು ಬಿರುಸಾಗುತ್ತದೆ, ತಾಳ ಮತ್ತು ಚಳ್ಳಮ್ಮುಗಳ ಸದ್ದು ಮಾತನ್ನು ಮುಚ್ಚುವ ಹಂತಕ್ಕೆ ಬಂದಾಗ ತಬಲಾದವನು ತಿಹಾಯಿ ಹಾಕಿ, ಅಂದರೆ ಒಂದೇ ತುಣುಕನ್ನು ಮೂರು ಸಲ ಬಾರಿಸಿ, ನಿಲ್ಲಿಸುತ್ತಾನೆ. ನಡುರಾತ್ರಿ ದಾಟಿದ ಮೇಲೆ ಸವಾಲ್ ಜವಾಬ್ ಶುರುವಾಗುತ್ತದೆ: ಒಂದು ಮೇಳ ಒಗಟಿನ ಪದ ಹಾಡಿದರೆ ಇನ್ನೊಂದು ಮೇಳ ಅದನ್ನು ಬಿಡಿಸುವ ಪದ ಹಾಡಬೇಕು. ಉತ್ತರ ತಿಳಿದವನು ಎದುರಿನ ಮೇಳದ ಹಳೆಯ ಶಿಷ್ಯನಾಗಿದ್ದರೆ ನಗೆಚಾಟಿಕೆಗೆ ಕೊರತೆಯಿರುವುದಿಲ್ಲ.

ಈ ಕೂಟದಲ್ಲಿ ಹೊರಗಿನವರ ಕಣ್ಣಿಗೆ ಬೀಳದೆ ಇಡೀ ಸೀಮೆಯನ್ನು ಬಿಗಿದಿಟ್ಟವನು ತಬಲಾದವನು. ಹಾಡುವವರು ಊರೂರಿಗೆ ಸಿಗುತ್ತಾರೆ, ತಾಳ ಹಾಕುವವರು ಮನೆಮನೆಗೆ ಸಿಗುತ್ತಾರೆ. ಆದರೆ ರಾತ್ರಿಯಿಡೀ ಕೈಸೋಲದೆ ತಬಲಾ ನುಡಿಸುವವರು ಹತ್ತು ಹಳ್ಳಿಗೆ ಒಬ್ಬರೋ ಇಬ್ಬರೋ, ಆದ್ದರಿಂದ ಅವರು ಒಂದೇ ಮೇಳಕ್ಕೆ ಅಂಟಿಕೊಂಡು ಕೂರುವಂತಿಲ್ಲ. ತಬಲಾದ ಬಾಯಿಯ ಅಗಲ ಅದರ ಶ್ರುತಿಯನ್ನು ಕಟ್ಟಿಹಾಕುತ್ತದೆ: ಐದೂಕಾಲು ಇಂಚಿನ ಬಾಯಿಯುಳ್ಳದ್ದು ಪೇಟಿಯ ‘ಕರಿ ಒಂದು’ ಎಂಬ ಮನೆಯ ಆಸುಪಾಸಿನಲ್ಲಿ ಚೆನ್ನಾಗಿ ನುಡಿಯುತ್ತದೆ, ಬಾರಿನ ಕೆಳಗಿನ ಮರದ ಗಟ್ಟಿಗಳನ್ನು ಸುತ್ತಿಗೆಯಿಂದ ತಟ್ಟಿ ಅದನ್ನು ಒಂದು ಮನೆ ಮೇಲಕ್ಕೋ ಕೆಳಕ್ಕೋ ಒಯ್ಯಬಹುದು, ಅದಕ್ಕಿಂತ ಹೆಚ್ಚು ಎಳೆದರೆ ಚರ್ಮ ಹರಿಯುತ್ತದೆ ಇಲ್ಲವೆ ನಾದ ಸತ್ತುಹೋಗುತ್ತದೆ. ಒಂದೇ ಜೋಡಿ ತಬಲಾ ಹೊತ್ತು ನಾಲ್ಕಾರು ಮೇಳಗಳಿಗೆ ಹೋಗುವ ವಾದಕನಿಂದಾಗಿ ಆ ಮೇಳಗಳೆಲ್ಲವೂ ಅದೇ ಶ್ರುತಿಗೆ ಹಾಡುವುದನ್ನು ರೂಢಿಸಿಕೊಳ್ಳುತ್ತವೆ, ಒಂದು ಮೇಳದ ಹಾಡುಗಾರ ಇನ್ನೊಂದರಲ್ಲಿ ಹೋಗಿ ಕುಳಿತರೂ ಕಂಠಕ್ಕೆ ತೊಡಕಾಗುವುದಿಲ್ಲ. ಯಾರ ಮನೆಯ ಪದಕ್ಕೆ ಎಲ್ಲಿ ತಡೆದು ಎಲ್ಲಿ ಬಿಡಬೇಕು ಎಂಬುದನ್ನು ಬಲ್ಲವನೂ ಅವನೇ. ಚಿತ್ತಾಪುರ ಕಡೆಯ ಮೇಳ ಹಾಡುವ ಹೊಸ ಧಾಟಿ ಸೇಡಂ ಕಡೆಗೆ ಮುಟ್ಟುವುದು ಎಷ್ಟೋ ಸಲ ಹಾಡುವವನ ಬಾಯಿಂದಲ್ಲ, ಬಾರಿಸುವವನ ಬೆರಳಿನಿಂದ.

ಮೇಳಗಳ ನಡುವೆ ಹಣದ ಲೆಕ್ಕ ಕಡಿಮೆ, ಹೊಲಗೆಲಸದ ಮುಯ್ಯಾಳಿನಂತೆ ಬಂದವರ ಊರಿಗೆ ತಿರುಗಿ ಹೋಗಿ ಋಣ ತೀರಿಸುವ ಲೆಕ್ಕವೇ ಹೆಚ್ಚು. ಒಂದು ಊರಿನವರು ಸಪ್ತಾಹಕ್ಕೆ ಬಂದು ರಾತ್ರಿ ಕಳೆದರೆ ಅವರ ಊರಿನ ಜಾತ್ರೆಗೆ ಈ ಊರಿನವರು ಹೋಗಲೇಬೇಕು, ಹೋಗದಿದ್ದರೆ ಅದು ಮಾತಿಗೆ ಬರುತ್ತದೆ. ತೊಗರಿ ರಾಶಿ ಮುಗಿಯುವ ಪುಷ್ಯ–ಮಾಘದಿಂದ ಮುಂಗಾರು ಬರುವವರೆಗೆ ಜಾತ್ರೆಗಳ ಕಾಲ, ಬಿತ್ತನೆ ಮುಗಿದ ಮೇಲೆ ಶ್ರಾವಣದ ಪುರಾಣ ಮತ್ತು ಭಜನೆಯ ಕಾಲ. ವಾಡಿಯಂಥ ಕಾರ್ಖಾನೆಯ ಊರುಗಳಲ್ಲಿ ಇದರ ಮೇಲೆ ಮೂರು ಪಾಳಿಗಳ ಲೆಕ್ಕವೂ ಕೂಡುತ್ತದೆ. ಪೇಟಿಯವನಿಗೆ ರಾತ್ರಿಪಾಳಿ ಬಿದ್ದರೆ ಇನ್ನೊಂದು ಮಂಡಳಿಯ ಪೇಟಿಯವನನ್ನು ಕರೆಯಬೇಕು, ಹೀಗೆ ಒಂದು ಸಲ ಬಂದವನು ಮುಂದೆ ತನಗೂ ಅಂಥದೇ ಹೊತ್ತು ಬಂದಾಗ ಇವರನ್ನು ಕರೆಯುತ್ತಾನೆ. ಪರಸಿ ಗಣಿಯಲ್ಲಿ, ಪಾಲಿಶ್ ಯಂತ್ರದ ಮುಂದೆ ದಿನಗೂಲಿ ಮಾಡುವವರಿಗೆ ರಾತ್ರಿಯಿಡೀ ಎಚ್ಚರವಿದ್ದು ಮರುದಿನದ ಕೂಲಿ ಬಿಡುವುದು ಸುಲಭದ ಮಾತಲ್ಲ. ಹಣ ಪಡೆಯದ ಕಲೆ ಎಂಬ ಹೊಗಳಿಕೆಯ ಹಿಂದೆ ಈ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಭಜನೆಯವರು ಭಜನೆಯನ್ನಷ್ಟೇ ಹಾಡಿಕೊಂಡಿರುತ್ತಾರೆ ಎಂಬ ಎಣಿಕೆ ಮೊಹರಂ ಬಂದಾಗ ಸುಳ್ಳಾಗುತ್ತದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಹುಸೇನರ ಬಲಿದಾನವನ್ನು ಕನ್ನಡದಲ್ಲಿ ಹಾಡುವ ಪದಗಳಿಗೆ ಈ ಭಾಗದಲ್ಲಿ ರಿವಾಯತ ಅಥವಾ ಅಲಾಯಿ ಪದಗಳೆನ್ನುತ್ತಾರೆ. ಮುಸಲ್ಮಾನರ ಮನೆಗಳಿಲ್ಲದ ಹಳ್ಳಿಗಳಲ್ಲಿಯೂ ಪೀರ ದೇವರನ್ನು ಕೂರಿಸಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರೂಢಿಯನ್ನು ರಹಮತ್ ತರೀಕೆರೆ ಅವರ ‘ಕರ್ನಾಟಕದ ಮೊಹರಂ’ ಗ್ರಂಥ ವಿವರವಾಗಿ ದಾಖಲಿಸಿದೆ. ಈ ಪದಗಳನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಎಲ್ಲ ಜಾತಿಯವರಿದ್ದಾರೆ, ಅವರಲ್ಲಿ ಬಹಳ ಮಂದಿ ವರ್ಷದ ಉಳಿದ ದಿನಗಳಲ್ಲಿ ಭಜನೆಯ ಹಿಮ್ಮೇಳದವರೇ. ಗೀಗೀ ಮೇಳಗಳಲ್ಲಿಯಂತೂ ಎದುರುಬದುರಿನ ಬಣಗಳೇ ನಂಟಿಗೆ ಕಾರಣ: ಪುರುಷನೇ ಹೆಚ್ಚೆಂದು ವಾದಿಸುವ ಹರದೇಶಿ, ಸ್ತ್ರೀಯೇ ಹೆಚ್ಚೆಂದು ವಾದಿಸುವ ನಾಗೇಶಿ ಎಂಬ ಎರಡು ಪಕ್ಷಗಳು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಜಗಳಾಡಬೇಕಾದರೆ ಎರಡೂ ಮೇಳಗಳು ಒಂದೇ ಊರಿಗೆ, ಒಂದೇ ದಿನ, ಒಂದೇ ವೀಳ್ಯದ ಮೇಲೆ ಬರಲೇಬೇಕು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಕಾರ್ಯಕ್ರಮವಿಲ್ಲ.

ವಾಡಿಯ ಬಳಿಯ ಹಲಕಟ್ಟಾ ಶರೀಫಿನ ಉರುಸಿಗೆ ಹೈದರಾಬಾದಿನಿಂದ ವಿಶೇಷ ರೈಲುಗಳು ಬರುತ್ತವೆ. ಚಿಷ್ತಿ ಪರಂಪರೆಯ ದರ್ಗಾ ಅದಾದ್ದರಿಂದ ಖವ್ವಾಲಿಗೆ ಅಲ್ಲಿ ಮಾನ್ಯತೆಯಿದೆ. ಕಲಬುರಗಿಯ ಬಂದೇನವಾಜರ ಉರುಸು, ಚಿತ್ತಾಪುರದ ಚಿತಾಶಾವಲಿ ದರ್ಗಾಗಳ ಜೊತೆಗೆ ಸೇರಿ ಇದು ಉರ್ದು ಹಾಡುಗಾರಿಕೆಯ ಬೇರೊಂದು ಸುತ್ತನ್ನು ಈ ಭಾಗದಲ್ಲಿ ಕಟ್ಟಿದೆ. ಖವ್ವಾಲಿಯ ಡೋಲಕ್ಕಿನ ಬಡಿತ ಕನ್ನಡ ಭಜನೆಯೊಳಗೆ ನುಸುಳಿರುವುದಕ್ಕೆ ಬೇರೆ ಸಾಕ್ಷಿ ಬೇಡ, ಕೇಳಿದರೆ ಸಾಕು. ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ತಾಂಡಾಗಳಲ್ಲಿ ಬಂಜಾರರು ನಗಾರಿ ಮತ್ತು ಕಂಚಿನ ತಾಟು ಬಾರಿಸುತ್ತ ತಮ್ಮ ಗುರು ಸೇವಾಲಾಲರ ಭಜನೆ ಹಾಡುತ್ತಾರೆ. ಅವರ ಭಾಷೆ ಬೇರೆ, ಪದಗಳು ಬೇರೆ. ಊರಿನ ಮೇಳಗಳೊಡನೆ ಅವರಿಗೆ ಇರುವ ಕೊಡುಕೊಳೆ ಉಳಿದವರಷ್ಟಿಲ್ಲ, ದುಡಿಯಲು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುವ ತಾಂಡಾದವರ ಹಾಡಿನ ನಂಟೂ ಆ ಕಡೆಗೇ ಚಾಚಿದೆ.

ಶಾಸ್ತ್ರೀಯ ಸಂಗೀತವೂ ಈ ಹೆಣಿಗೆಯ ಹೊರಗೆ ನಿಂತಿಲ್ಲ. ಶ್ರಾವಣದಲ್ಲಿ ತಿಂಗಳುಗಟ್ಟಲೆ ನಡೆಯುವ ಪುರಾಣ ಪ್ರವಚನಕ್ಕೆ ಒಬ್ಬ ಪ್ರವಚನಕಾರ, ಒಬ್ಬ ಗವಾಯಿ, ಒಬ್ಬ ತಬಲಾ ಸಾಥಿ ಬೇಕು. ಆ ಗವಾಯಿಗಳಲ್ಲಿ ಎಷ್ಟೋ ಮಂದಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪಂಚಾಕ್ಷರ ಗವಾಯಿಗಳ (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳ (1914–2010) ಪರಂಪರೆಯಲ್ಲಿ ಕಲಿತವರು, ಅವರಲ್ಲಿ ಕಣ್ಣಿಲ್ಲದವರೂ ಇದ್ದಾರೆ. ತಿಂಗಳ ಕಾಲ ಊರಿನಲ್ಲಿ ಉಳಿಯುವ ಗವಾಯಿಯ ಬಳಿ ಊರ ಹುಡುಗರು ಹಗಲು ಹೊತ್ತು ಪೇಟಿಯ ಮನೆಗಳನ್ನು ಗುರುತಿಸಲು, ಭೂಪಾಲಿ, ದುರ್ಗಾ, ಭೈರವಿಯಂಥ ರಾಗಗಳ ಸ್ವರ ಹಿಡಿಯಲು ಕಲಿಯುತ್ತಾರೆ; ಪುರಾಣ ಮುಗಿದು ಗವಾಯಿ ಹೋದ ಮೇಲೆ ಏನೂ ಉಳಿಯದೆ ಹೋಗುವುದಿಲ್ಲ, ಮುಂದಿನ ಅಮಾವಾಸ್ಯೆಯ ಭಜನೆಯಲ್ಲಿ ಹಳೆಯ ಪದವೊಂದು ಹೊಸ ರಾಗದ ಸೋಂಕಿನಿಂದ ಕೇಳಿಬರುತ್ತದೆ. ಚಿಂಚೋಳಿಯ ಉತ್ತರಕ್ಕೆ ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ರಚಿಸಿದರು. ಅಲ್ಲಿನ ದತ್ತಜಯಂತಿಯ ಸಂಗೀತ ದರ್ಬಾರು ಹಿಂದುಸ್ತಾನಿ ಗಾಯಕರನ್ನು ಈ ಸೀಮೆಯ ಕೇಳುಗರ ಸಮೀಪಕ್ಕೆ ತಂದಿತು.

ಪೇಟಿಯ ಬಗೆಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಫ್ರಾನ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವ ರೂಪ ಪಡೆದ ಹಾರ್ಮೋನಿಯಂ, ಭಜನೆಯವರಿಗೆ ಗುರುವಿಗೆ ಸಮಾನವಾಯಿತು. ಆದರೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತ್ತು, ಸ್ವರಗಳ ನಡುವಿನ ಜಾರುಗಳನ್ನು ಅದು ನುಡಿಸಲಾರದು ಎಂಬುದು ಪಂಡಿತರ ಆಕ್ಷೇಪವಾಗಿತ್ತು. 1966ರಲ್ಲಿ ಆರಂಭವಾದ ಗುಲಬರ್ಗಾ ಆಕಾಶವಾಣಿಯು ಮುಂದೆ ಹಳ್ಳಿಯ ಹಾಡುಗಾರರಿಗೆ ದೊಡ್ಡ ವೇದಿಕೆಯಾದರೂ, ರೇಡಿಯೋಕ್ಕೆ ಒಂದು ಗೊತ್ತಾದ ತಂಡ, ಅದಕ್ಕೊಂದು ಹೆಸರು, ಒಬ್ಬ ಮುಖ್ಯಸ್ಥ ಬೇಕಾಗಿತ್ತು. ಅರ್ಜಿ ತುಂಬುವ ಆ ಅಗತ್ಯದಿಂದಲೂ, ಸಂಘ ನೋಂದಣಿಯಾದರೆ ಸರಕಾರದ ಸಹಾಯಧನ ಸಿಗಬಹುದೆಂಬ ಆಸೆಯಿಂದಲೂ ಸಡಿಲವಾಗಿದ್ದ ಕೂಟಗಳಿಗೆ ‘ಕಲಾ ತಂಡ’, ‘ಸಾಂಸ್ಕೃತಿಕ ಸಂಘ’ ಎಂಬ ಫಲಕಗಳು ಬಂದವು. ಫಲಕದಡಿಯಲ್ಲಿ ಆಳುಗಳು ಮಾತ್ರ ಮೊದಲಿನಂತೆಯೇ ಅದಲುಬದಲಾಗುತ್ತಿದ್ದರು.

ಹಣ ಕೈಬದಲಾಗುವ ಜಾಗವೆಂದರೆ ಜಾತ್ರೆಯ ನಾಟಕ. ಊರ ಹುಡುಗರೇ ಪಾತ್ರ ಹಾಕುವ ಸಾಮಾಜಿಕ ನಾಟಕಕ್ಕೆ ಪೇಟಿ ಮಾಸ್ತರರು ತಿಂಗಳ ಮುಂಚೆ ಬಂದು ತಾಲೀಮು ಕೊಡುತ್ತಾರೆ; ನಾಟಕದ ದಿನ ‘ಕ್ಯಾಸಿಯೋ’ ಎಂದೇ ಕರೆಯಲಾಗುವ ಕೀಬೋರ್ಡು, ರಿದಮ್ ಪ್ಯಾಡು ನುಡಿಸುವವರು ಮತ್ತು ಸ್ತ್ರೀಪಾತ್ರಕ್ಕೆ ಕಲಾವಿದೆಯರು ಹೊರಗಿನಿಂದ ಬರುತ್ತಾರೆ. ಇವರೆಲ್ಲರಿಗೂ ಮುಂಗಡವಿದೆ, ಸಂಭಾವನೆಯಿದೆ, ಫೋನಿನಲ್ಲಿ ತಾರೀಖು ಹಿಡಿಯುವ ಪೈಪೋಟಿಯಿದೆ. ಒಂದೇ ಋತುವಿನಲ್ಲಿ ಹತ್ತಾರು ಊರುಗಳ ರಂಗ ಹತ್ತುವ ಕಲಾವಿದೆ ಈ ಸೀಮೆಯ ಸಂಗೀತಗಾರರನ್ನೆಲ್ಲ ಮುಖಪರಿಚಯದಿಂದ ಬಲ್ಲವಳಾದರೂ, ಯಾವ ಭಜನಾ ಮಂಡಳಿಯ ಸಾಲಿನಲ್ಲಿಯೂ ಅವಳಿಗೆ ಜಾಗವಿರುವುದಿಲ್ಲ. ಅಕ್ಕನ ಬಳಗಗಳೂ ಮಹಿಳಾ ಭಜನಾ ಮಂಡಳಿಗಳೂ ಹೆಚ್ಚುತ್ತಿರುವುದು ನಿಜ. ಆದರೆ ಸಂಜೆ ಮುಗಿಯುವ ಆ ಭಜನೆಗಳು ಅಹೋರಾತ್ರಿಯ ಸುತ್ತಿಗೆ ಸೇರದೆ ಪಕ್ಕದಲ್ಲಿಯೇ ಉಳಿದಿವೆ, ರಾತ್ರಿಯ ಸವಾಲ್ ಜವಾಬಿನಲ್ಲಿ ಧಾಟಿ ಕಲಿಯುವ ಅವಕಾಶ ಹೆಣ್ಣುಮಕ್ಕಳಿಗೆ ತಪ್ಪುತ್ತದೆ. ಸ್ವತಂತ್ರ, ಸಮಾನ ಎಂದು ಹೊಗಳಿಸಿಕೊಳ್ಳುವ ನಗರದ ಇಂಡಿ ಕೂಟಗಳ ಮೇಲೂ ಇದೇ ದೂರಿದೆ ಎಂಬುದು ಸಮಾಧಾನದ ವಿಷಯವಲ್ಲ.

ಈ ನಂಟು ಎಲ್ಲಿಯೂ ಬರಹಕ್ಕೆ ಇಳಿದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ಅದು ಹಾಡಿನೊಳಗೇ ಇದೆ. ತತ್ವಪದದ ಅಂಕಿತ ಗುರುವನ್ನು ಹೆಸರಿಸಿದರೆ, ಲಾವಣಿ ಮತ್ತು ಗೀಗೀ ಪದಗಳ ಕೊನೆಯ ನುಡಿ ಇನ್ನೂ ಮುಂದೆ ಹೋಗಿ ಊರು, ಊರಿನ ದೇವರು, ಕಲಿಸಿದ ವಸ್ತಾದ, ಪದ ಕಟ್ಟಿದ ಕವಿ, ಹಾಡುವವನು, ಕೆಲವು ಸಲ ಡಪ್ಪು ಹಿಡಿದವನನ್ನೂ ಸಾಲಾಗಿ ಕರೆಯುತ್ತದೆ. 1980ರ ದಶಕದಿಂದಾಚೆ ಕ್ಯಾಸೆಟ್ಟು, ಅನಂತರ ಸಿ.ಡಿ., ಈಗ ಮೊಬೈಲು ಮತ್ತು ಯೂಟ್ಯೂಬು ಬಂದವು. ಪಟ್ಟಣದ ಸಣ್ಣ ಸ್ಟುಡಿಯೋಗಳಲ್ಲಿ ತಯಾರಾಗಿ ಜಾತ್ರೆಯ ಡಿ.ಜೆ.ಗಳಲ್ಲಿ ಮೊಳಗುವ ಉತ್ತರ ಕರ್ನಾಟಕದ ‘ಜಾನಪದ’ ಹಾಡುಗಳಲ್ಲಿಯೂ ಕೊನೆಯ ನುಡಿಗೆ ಸಾಹಿತ್ಯ ಬರೆದವನ ಹೆಸರು, ಊರು, ಗಾಯಕನ ಹೆಸರು ಬರುವುದು ತಪ್ಪಿಲ್ಲ. ವಸ್ತು ಬದಲಾಗಿದೆ, ಕಂಪ್ಯೂಟರಿನ ತಾಳ ಬಂದಿದೆ, ಹಲವರ ದೃಷ್ಟಿಯಲ್ಲಿ ರುಚಿಯೂ ಕೆಟ್ಟಿದೆ. ಆದರೂ ಆ ಹಾಡುಗಳ ಕೊನೆಯ ನುಡಿಗಳನ್ನಷ್ಟೇ ಒಟ್ಟುಗೂಡಿಸಿದರೆ ಪೀಟ್ ಫ್ರೇಮರ ನಕ್ಷೆಗೆ ಬೇಕಾದ ಸರಕು ಅರ್ಧಕ್ಕರ್ಧ ಸಿಕ್ಕಂತೆಯೇ.

ತೊಡಕು ಇರುವುದು ಧಾಟಿಯ ಒಡೆತನದಲ್ಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ರಚನೆಯ ಹಕ್ಕು ಕರ್ತೃವಿನ ಜೀವಿತಕಾಲ ಮತ್ತು ಅನಂತರದ 60 ವರ್ಷಗಳವರೆಗೆ ಉಳಿಯುವುದರಿಂದ ಮಡಿವಾಳಪ್ಪನವರ ಪದಗಳು ಎಲ್ಲರವೂ ಹೌದು. ಆದರೆ ಅದೇ ಪದದ ಒಂದು ಧ್ವನಿಮುದ್ರಣದ ಹಕ್ಕು ಅದನ್ನು ತಯಾರಿಸಿದವನದು. ಹತ್ತು ಮೇಳಗಳು ಹಂಚಿಕೊಂಡ ಧಾಟಿಯನ್ನು ಒಂದು ಸ್ಟುಡಿಯೋ ಮೊದಲು ಮುದ್ರಿಸಿ ಅಂತರ್ಜಾಲಕ್ಕೆ ಏರಿಸಿದರೆ, ಹೋಲಿಕೆ ಹುಡುಕುವ ಯಂತ್ರಕ್ಕೆ ಉಳಿದ ಒಂಬತ್ತು ಮೇಳಗಳು ನಕಲುಗಾರರಂತೆ ಕಾಣುವ ಅಪಾಯವಿದೆ. ಇನ್ನೊಂದು ಕಡೆ, 2012ರ ತಿದ್ದುಪಡಿಯು ಪ್ರದರ್ಶನ ನೀಡಿದ ಕಲಾವಿದರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ, ಆ ಕಾಯಿದೆಯ ‘ಪ್ರದರ್ಶಕ’ ಎಂಬ ವ್ಯಾಖ್ಯೆಯೊಳಗೆ ಗಾಯಕನಂತೆಯೇ ವಾದಕನೂ ಸೇರುತ್ತಾನೆ. ಗಾಯಕ ಮತ್ತು ಕವಿಯ ಹೆಸರು ದಪ್ಪಕ್ಷರದಲ್ಲಿ ಬರುವ ವಿಡಿಯೋಗಳಲ್ಲಿ ತಬಲಾ, ಪೇಟಿ, ತಾಳದವರ ಹೆಸರು ಕಾಣುವುದು ಇಂದಿಗೂ ಅಪರೂಪ; ಹೆಸರು ಹಾಕಿರೆಂದು ಕೇಳುವ ಹಕ್ಕು ಕಾನೂನಿನಲ್ಲಿ ತಮಗಿದೆಯೆಂಬ ಸುದ್ದಿ ಮಂಡಳಿಗಳ ಹಿಂದಿನ ಸಾಲನ್ನು ಇನ್ನೂ ಮುಟ್ಟಬೇಕಾಗಿದೆ.